ಆಂಡರ್ಸನ್‌ಪೇಟೆಯ ಔಷಧಿ ಕೌಂಟರ್

ಔಷಧಿ ಅಂಗಡಿಯಲ್ಲಿ ನಿಂತವರಿಗೆ ನಗು ಬರುವ ಪ್ರಸಂಗಗಳಿಗೆ ಯಾವತ್ತೂ ಬರವಿಲ್ಲ. ಕಷ್ಟ ಏನೆಂದರೆ, ಬಂದ ನಗುವನ್ನು ಅಲ್ಲೇ ನಗುವ ಹಾಗಿಲ್ಲ. ಎದುರಿಗೆ ನಿಂತವರು ಒಂದಲ್ಲ ಒಂದು ನೋವು ಹೊತ್ತುಕೊಂಡೇ ಬಂದಿರುತ್ತಾರೆ. ಹಾಗಾಗಿ ನನ್ನ ತರಬೇತಿಯ ದಿನಗಳ ನಗುವೆಲ್ಲ ಸಂಜೆ ಮಾರಿಕುಪ್ಪಂನಿಂದ ಬಂಗಾರಪೇಟೆಗೆ ವಾಪಸಾಗುವ ರೈಲಿನಲ್ಲಿ, ಕಿಟಕಿಗೆ ಮುಖ ಮಾಡಿಕೊಂಡು ನಕ್ಕಿದ್ದು. ನಗಲು ಶುರು ಮಾಡಿ ಅತ್ತಿದ್ದೂ ಉಂಟು.

ಡಿ. ಫಾರ್ಮ ಓದಿದವರು ಕೆಲವು ತಿಂಗಳು ಎಲ್ಲಾದರೂ ಕೆಲಸ ಕಲಿಯಲೇಬೇಕು. ನನಗೆ ಸಿಕ್ಕಿದ್ದು ಆಂಡರ್ಸನ್‌ಪೇಟೆಯ ಒಂದು ಮೆಡಿಕಲ್ ಶಾಪು. ಅದರ ಒಡತಿ ಐವತ್ತು ದಾಟಿದ ಫಾರ್ಮಸಿಸ್ಟು; ಎಲ್ಲರಿಗೂ ಅವರು ಮೇಡಂ. ಮನೆಯಲ್ಲಿ ತಮಿಳು, ಕೌಂಟರಿನಲ್ಲಿ ಬಂದವರ ಭಾಷೆ, ಸಿಟ್ಟು ಬಂದರೆ ಮೂರೂ ಭಾಷೆ ಒಟ್ಟಿಗೆ. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನೋಡು ಮಾ, ಕೊಡೋ ಮುಂಚೆ ಕೇಳು. ಯಾರಿಗೆ, ಏನಾಗಿದೆ, ಬೇರೆ ಏನು ತಗೋತಿದಾರೆ, ಎಲ್ಲಾ ಕೇಳು. ಚೀಟಿ ಬೇಕಾದ ಔಷಧಿನ ದೇವರೇ ಬಂದು ಕೇಳಿದ್ರೂ ಚೀಟಿ ಇಲ್ದೆ ಕೊಡ್ಬೇಡ."

ನಾನು ಕೇಳುವುದರಲ್ಲಿ ಬಲು ಹುರುಪಿನವಳು. ಪುಸ್ತಕದಲ್ಲಿದ್ದ ಅಷ್ಟೂ ಪ್ರಶ್ನೆ ಬಾಯಿಪಾಠವಾಗಿತ್ತು.

ಗೌರಿಯ ಜ್ವರ

ಬಂಗಾರಪೇಟೆ ಕಡೆಯ ಹಳ್ಳಿಯವರೊಬ್ಬರು ಬೈಕ್ ನಿಲ್ಲಿಸಿ ಓಡಿಕೊಂಡೇ ಬಂದರು. ಹೆಗಲ ಮೇಲೆ ಟವೆಲು, ಮುಖದಲ್ಲಿ ಗಾಬರಿ.

"ಬೇಗ ಆಂಟಿಬಯಾಟಿಕ್ ಇಂಜೆಕ್ಷನ್ ಕೊಡಮ್ಮ. ನಮ್ ಗೌರಿಗೆ ಮೈ ಸುಡ್ತೈತೆ. ನೆನ್ನೆಯಿಂದ ಬಾಯಿಗೆ ಏನೂ ಇಕ್ಕಂತಿಲ್ಲ."

"ಚೀಟಿ?"

"ಡಾಕ್ಟ್ರು ಬರ್ಕೊಟ್ರು, ಆತುರದಾಗೆ ಮನೇಲೇ ಬಿಟ್ಬಂದೆ."

ಚೀಟಿ ತಂದಮೇಲೇ ಔಷಧಿ, ಆದರೆ ವಿಚಾರಿಸಿಯಾದರೂ ಇಟ್ಟುಕೊಳ್ಳೋಣ ಎಂದು ಶುರು ಮಾಡಿದೆ.

"ಹಿಂದೆ ಯಾವುದಾದರೂ ಇಂಜೆಕ್ಷನ್ ಕೊಟ್ಟಾಗ ತೊಂದರೆ ಆಗಿತ್ತಾ?"

"ಅವಳಿಗೇನೂ ಆಗ್ಲಿಲ್ಲ. ಡಾಕ್ಟ್ರನ್ನ ಒದ್ದುಬಿಟ್ಲು."

ಪಾಪ, ಜ್ವರದ ತಾಪಕ್ಕೆ ಹಾಗೆ ಮಾಡಿರಬೇಕು ಅಂದುಕೊಂಡೆ.

"ಈಗ ಗರ್ಭಿಣಿಯಾ?"

"ಇಲ್ಲಮ್ಮ, ಓದ ತಿಂಗಳು ತಾನೇ ಆಯ್ತು. ಎಣ್ಣು."

"ಹಾಲು ಕೊಡ್ತಿದ್ದಾಳಾ?"

"ಕೊಡ್ದೆ ಏನು? ಬೆಳಿಗ್ಗೆ ಎಂಟು ಲೀಟ್ರು, ಸಾಯಂಕಾಲ ಆರು. ಜ್ವರ ಬಂದ್ಮೇಲೆ ಮೂರಕ್ಕೆ ಇಳ್ದೋಗೈತೆ ನೋಡು."

ಹಿಂದಿನ ಕಪಾಟಿನ ಕಡೆಯಿಂದ ಮೇಡಂ ಕೆಮ್ಮಿದ ಸದ್ದು ಬಂತು. ಅದು ಕೆಮ್ಮಲ್ಲ ಎಂದು ನನಗೂ ಗೊತ್ತಾಯಿತು. ನಾನು ಹುಟ್ಟಿ ಬೆಳೆದದ್ದೇ ಕೊಟ್ಟಿಗೆಯ ಪಕ್ಕದ ಮನೆಯಲ್ಲಿ. ಇವತ್ತಿಗೂ ನಮ್ಮಲ್ಲಿ ಎರಡು ಸೀಮೆ ಹಸು ಕಟ್ಟಿದ್ದೇವೆ. ಆದರೂ ಎಂಟು ಲೀಟರು ಎನ್ನುವ ತನಕ ನನಗೆ ಹೊಳೆಯಲಿಲ್ಲ.

ಆತ ಮನೆಗೆ ಹೋಗಿ ಪಶು ವೈದ್ಯರ ಚೀಟಿ ತಂದರು. ಮೇಡಂ ಔಷಧಿ ಕೊಟ್ಟು, "ಡಾಕ್ಟ್ರು ಹೇಳೋ ತನಕ ಈ ಹಾಲು ಡೈರಿಗೆ ಹಾಕ್ಬೇಡಿ, ಮನೇಲೂ ಕುಡೀಬೇಡಿ" ಎಂದರು. ಅವರು ತಲೆಯಾಡಿಸಿ, "ಆಲು ಓಗ್ಲಿ ಬಿಡಮ್ಮ, ಅವಳು ಎದ್ದು ನಿಂತ್ರೆ ಸಾಕು" ಅಂದರು.

ಕೆಲವು ದಿನ ಬಿಟ್ಟು ಅವರೇ ಬಂದರು. ಈ ಸಲ ಓಡಿಕೊಂಡು ಬರಲಿಲ್ಲ. "ಗೌರಿ ಓಗ್ಬುಟ್ಲು" ಅಂದರು. ಟವೆಲಿನಿಂದ ಮುಖ ಒರೆಸಿಕೊಂಡು, "ಆಲು ಕುಡಿಸೋ ಬಾಟ್ಲಿ ಐತಾ? ನಿಪ್ಪಲ್ಲು ದೊಡ್ಡದಿರ್ಬೇಕು" ಎಂದರು.

ನಾನು ಮೆಲ್ಲಗೆ, "ಮಗೂಗಾ, ಕರೂಗಾ?" ಎಂದೆ.

ಅವರ ಕಣ್ಣಲ್ಲಿ ನೀರಿತ್ತು. ಆದರೂ ನಕ್ಕುಬಿಟ್ಟರು. "ಆಂ! ಇದುನ್ನ ಮೊದ್ಲು ಕೇಳ್ಬೇಕು ಕಣಮ್ಮ. ಈಗ ಕಲ್ತೆ ನೀನು."

ಮದ್ದಿನ ಕೆಲಸ

ಒಬ್ಬ ಅಜ್ಜ ಬರುತ್ತಿದ್ದರು. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಕೌಂಟರಿಗೆ ಬಂದು ಕೈ ಊರಿದ ಮೇಲೂ ಮಾತು ಹೊರಡಲು ಹೊತ್ತು ಹಿಡಿಯುತ್ತಿತ್ತು. ಮೊದಲ ಸಲ ನನ್ನ ಬಿಳಿ ಕೋಟು ನೋಡಿ ಖುಷಿಯಾಗಿ, "ನಾನೂ ಮದ್ದಿನ ಕೆಲಸಾನೇ ಮಾಡ್ದೋನು ಕಣವ್ವ" ಎಂದರು.

ನಮ್ಮ ಕಸುಬಿನ ಹಿರಿಯರು ಎಂದು ನನಗೆ ಗೌರವ ಉಕ್ಕಿತು. ಸ್ಟೂಲು ಹಾಕಿ ಕೂರಿಸಿದೆ.

"ಯಾವ ಆಸ್ಪತ್ರೇಲಿ ತಾತ?"

"ಆಸ್ಪತ್ರೆಯಾ? ಮೈಸೂರು ಮೈನ್ಸ್‌ನಾಗೆ, ಚಿನ್ನದ ಗಣಿ. ನೆಲದ ಕೆಳಗೆ. ಬಂಡೇಲಿ ತೂತು ಒಡ್ದು ಮದ್ದು ಇಡೋದು, ಡಮ್ಮನ್ನಿಸೋದು."

ಸಿಡಿಮದ್ದು! ಆ ಕಲ್ಲಿನ ಧೂಳು ವರ್ಷಗಟ್ಟಲೆ ಎದೆಗೆ ಇಳಿದು, ಶ್ವಾಸಕೋಶವನ್ನೇ ಕಲ್ಲು ಮಾಡಿಬಿಟ್ಟಿತ್ತು. ಡಾಕ್ಟರು ಉಸಿರು ಸಲೀಸಾಗಲೆಂದು ಕ್ಯಾಪ್ಸೂಲು ಮತ್ತು ಅದನ್ನು ಹಾಕಿ ಬಾಯಿಂದ ಎಳೆದುಕೊಳ್ಳುವ ಒಂದು ಪುಟ್ಟ ಯಂತ್ರ ಬರೆದುಕೊಟ್ಟಿದ್ದರು. ಎಷ್ಟು ದಿನವಾದರೂ ಗುಣ ಕಾಣಲಿಲ್ಲವೆಂದು ಅಜ್ಜ ಬಂದಿದ್ದರು.

"ಹೇಗೆ ತಗೋತೀರಾ, ತೋರಿಸಿ ತಾತ."

ಅಜ್ಜ ಕ್ಯಾಪ್ಸೂಲು ಬಾಯಿಗೆ ಹಾಕಿಕೊಂಡು ನುಂಗುವ ಹಾಗೆ ಮಾಡಿ ತೋರಿಸಿದರು. "ಇದು ಕಾಫಿ ಜತೇಲಿ." ಆಮೇಲೆ ಖಾಲಿ ಯಂತ್ರವನ್ನು ಬಾಯಿಗಿಟ್ಟು ಒಮ್ಮೆ ಎಳೆದರು. "ಇದು ಕಾಫಿ ಆದ್ಮೇಲೆ. ಮಾತ್ರೆ ಒಟ್ಟೆಗೆ, ಗಾಳಿ ಎದೆಗೆ. ಡಾಕ್ಟ್ರು ಎಲ್ಡು ಕೊಟ್ರು, ಎಲ್ಡೂ ಮಾಡ್ತಿವ್ನಿ. ಒಂದು ದಿನಾನೂ ತಪ್ಪಿಸಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಔಷಧಿ ಕೊಟ್ಟ ಯಾರೂ ಅದನ್ನು ಮಾಡಿ ತೋರಿಸಿರಲಿಲ್ಲ. ಕ್ಯಾಪ್ಸೂಲನ್ನು ಯಂತ್ರದೊಳಗೆ ಇಟ್ಟೆ. ತಿರುಗಿಸಿದೆ. ಮೊದಲು ಉಸಿರು ಬಿಡಬೇಕು, ಆಮೇಲೆ ತುಟಿ ಬಿಗಿದು ಜೋರಾಗಿ ಎಳೆಯಬೇಕು, ಒಂದಿಷ್ಟು ಹೊತ್ತು ಹಿಡಿಯಬೇಕು ಎಂದು ಹೇಳಿಕೊಟ್ಟೆ. ಅಜ್ಜ ಹಾಗೇ ಎಳೆದರು. ನಾಲಿಗೆಗೆ ಪುಡಿ ತಗುಲಿದ್ದೇ ಕಣ್ಣು ಅಗಲವಾಯಿತು. ಯಂತ್ರ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು.

"ಇದು ಧೂಳಲ್ವೇನವ್ವ?"

"ಔಷಧಿ ಪುಡಿ ತಾತ."

"ಪುಡಿ ಅಂದ್ರೇನು, ಧೂಳು ಅಂದ್ರೇನು! ಧೂಳು ಕುಡ್ದೇ ಈ ಗತಿ ಬಂದೈತೆ. ಅದುಕ್ಕೆ ಔಷ್ದಿನೂ ಧೂಳೇನಾ? ಮೊದ್ಲೇ ಏಳಿದ್ರೆ ಗಣಿ ಒಳಗೇ ಇದ್ಬಿಡ್ತಿದ್ನಲ್ಲೇ!"

ವಾಪಸ್ಸು

ಆಮೇಲೆ ಅಜ್ಜನ ಹೆಜ್ಜೆ ನಾಲ್ಕರಿಂದ ಹತ್ತಕ್ಕೆ ಏರಿತ್ತು. ಕೌಂಟರಿಗೆ ಬಂದು, "ಧೂಳು ಕೊಡವ್ವ" ಎಂದು ನಗುತ್ತಿದ್ದರು. ಆದರೆ ಕಲ್ಲಾದ ಎದೆ ಪುಡಿಗೆ ಎಷ್ಟು ಕರಗೀತು? ಚಳಿ ಶುರುವಾದ ಮೇಲೆ ಅಜ್ಜ ಬರಲಿಲ್ಲ. ಒಂದು ಬೆಳಿಗ್ಗೆ ಅವರ ಹೆಂಡತಿ ಬಂದರು. ಬಟ್ಟೆಯ ಚೀಲವನ್ನು ಕೌಂಟರಿನ ಮೇಲೆ ಬೋರಲು ಹಾಕಿದರು. ಕ್ಯಾಪ್ಸೂಲು, ಸಿರಪ್ಪು, ಆ ಯಂತ್ರ, ಎಲ್ಲ ಉರುಳಿದವು.

"ವಾಪಸ್ ತಗಳಮ್ಮ" ಎಂದರು. "ಅವ್ರಿಲ್ಲ."

ಅಜ್ಜಿ ಒಂದು ಡಬ್ಬಿಯನ್ನು ನನ್ನ ಕಣ್ಣ ಹತ್ತಿರ ಹಿಡಿದರು. "ಪಕ್ಕದ ಮನೆ ಉಡ್ಗಿ ಓದಿ ಏಳಿದ್ಲು, ಇದುಕ್ಕಿನ್ನೂ ಡೇಟ್ ಐತಂತೆ. ಮುಗ್ದೋಗಿದ್ದು ಅವ್ರ ಡೇಟು."

ಮೇಡಂ ಹೊರಗೆ ಬಂದು ಅಜ್ಜಿಯ ಪಕ್ಕ ನಿಂತರು. ಒಂದು ಸಲ ಮನೆಗೆ ಹೋದ ಔಷಧಿಯನ್ನು ವಾಪಸ್ ಪಡೆದು ಇನ್ನೊಬ್ಬರಿಗೆ ಮಾರುವ ಹಾಗಿಲ್ಲ, ಅದು ಬಿಸಿಲಲ್ಲಿತ್ತೋ ತೇವದಲ್ಲಿತ್ತೋ ಯಾರಿಗೆ ಗೊತ್ತು, ಕುಡಿದವರಿಗೆ ಏನಾದರೂ ಆದರೆ ಯಾರು ಹೊಣೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. "ಸರಿ ಬಿಡು. ಕೊಟ್ಟೋರು ನೀವು ವಾಪಸ್ ತಗಣಲ್ಲ" ಎಂದು ಕೈಯನ್ನು ಮೇಲಕ್ಕೆ ತೋರಿಸಿ, "ತಗಂಡೋನು ಅವ್ನು ವಾಪಸ್ ಕೊಡಲ್ಲ" ಎಂದರು.

ಮೇಡಂ ನಾಶ ಮಾಡಬೇಕಾದ ಔಷಧಿಗಳ ಡಬ್ಬಕ್ಕೆ ಎಲ್ಲವನ್ನೂ ಹಾಕಿಸಿದರು. ಅಜ್ಜಿಯ ಮುಖ ಕೆಂಪಾಗಿದ್ದುದನ್ನು ನೋಡಿ ಕೂರಿಸಿ ಬಿಪಿ ನೋಡಿದರು. ವಿಪರೀತ ಏರಿತ್ತು. ಗಂಡನ ಆರೈಕೆ ಮಾಡುವುದರಲ್ಲಿ ಅಜ್ಜಿ ತಮ್ಮ ಮಾತ್ರೆ ನುಂಗುವುದನ್ನೇ ಬಿಟ್ಟಿದ್ದರು. ಮೇಡಂ ಪಕ್ಕದ ರಸ್ತೆಯ ಡಾಕ್ಟರಮ್ಮನ ಹತ್ತಿರ ನನ್ನ ಜೊತೆ ಕಳಿಸಿದರು. ಹೊಸ ಚೀಟಿ ಬಂತು, ಹೊಸ ಮಾತ್ರೆ ಬಂತು. ಯಾವಾಗ, ಹೇಗೆ ಎಂದು ಎರಡೆರಡು ಸಲ ಹೇಳಿ ಅದೇ ಬಟ್ಟೆ ಚೀಲಕ್ಕೆ ಹಾಕಿಕೊಟ್ಟೆ.

ಅಜ್ಜಿ ಚೀಲದೊಳಗೆ ಇಣುಕಿ ನೋಡಿ ಮೇಡಂ ಕಡೆ ತಿರುಗಿದರು. "ವಾಪಸ್ ಕೊಡಾನ ಅಂತ ಬಂದ್ರೆ ಇನ್ನಷ್ಟು ಇಕ್ಕಿ ಕಳಿಸ್ತೀಯಲ್ಲೇ ತಾಯಿ! ಯಾಪಾರ ಅಂದ್ರೆ ನಿನ್ನ ನೋಡಿ ಕಲೀಬೇಕು."

ನಿದ್ದೆ ಮಂಜೂರಾತಿ

ಕೊನೆಯದು, ನನ್ನ ತರಬೇತಿ ಮುಗಿಯುತ್ತಾ ಬಂದಾಗ ನಡೆದದ್ದು. ಹತ್ತಿರದ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ಒಬ್ಬರು ಗುಮಾಸ್ತರು, ವಿಜಯಪುರ ಕಡೆಯವರು. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ, ಆದರೆ ಗುಂಡಿಗಳು ಅದಲುಬದಲು. ಒಂದು ಸಂಜೆ ಬಂದು, "ನಿದ್ದಿ ಗುಳಿಗಿ ಕೊಡ್ರಿ, ಒಂದು ಡಬ್ಬಿ" ಎಂದರು.

"ಚೀಟಿ ಬೇಕು ಸಾರ್."

ತಲೆ ತಗ್ಗಿಸಿ ಹೋದರು. ಮರುದಿನ ಬಂದರು. "ನನಗಲ್ರಿ. ನಮ್ಮ ನಾಯಿಗೆ. ಬಾಳ ಬೊಗಳ್ತೈತಿ."

"ನಾಯಿಗೂ ಚೀಟಿ ಬೇಕು ಸಾರ್" ಎಂದೆ. ಆ ಪಾಠ ನನಗೆ ಚೆನ್ನಾಗಿಯೇ ಆಗಿತ್ತಲ್ಲ.

ಅದರ ಮರುದಿನ ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಡಂಗೇ ಕೊಟ್ಟರು. ಮುತ್ತು ಪೋಣಿಸಿದಂಥ ಅಕ್ಷರ. ಮೇಡಂ ಕನ್ನಡ ಓದುವುದು ಸ್ವಲ್ಪ ನಿಧಾನ, ನನ್ನ ಕೈಗಿತ್ತು ಓದು ಎಂದರು. ಓದಿದೆ.

"ವಿಷಯ: ನಿದ್ರೆ ಗುಳಿಗೆ ಮಂಜೂರು ಮಾಡುವ ಕುರಿತು. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ವ್ಯಕ್ತಿಗೆ ನಿದ್ರೆಯು ಬಾರದಿರುವುದರಿಂದ..."

ಅಷ್ಟರಲ್ಲಿ ನನ್ನ ನಗು ಕಟ್ಟೆಯೊಡೆಯಿತು. ಮೇಡಂ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆತನಿಗೂ ನಗು ಬಂತು. ಮೂರೂ ಜನ ನಕ್ಕೆವು. ನಾವಿಬ್ಬರು ನಿಲ್ಲಿಸಿದೆವು. ಅವರು ನಿಲ್ಲಿಸಲಿಲ್ಲ. ಭುಜ ಕುಲುಕುತ್ತಲೇ ಇತ್ತು. ನೋಡಿದರೆ ಅಳುತ್ತಿದ್ದಾರೆ.

ಮೇಡಂ ಅವರನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು.

"ಮನಿಯಾಕಿ ತೀರಿ ಹೋದ್ಲರಿ" ಎಂದರು ಅವರು. "ಆಕಿ ಗೊರಕಿ ಹೊಡೀತಿದ್ಲು. ಮದುವಿ ಆದಾಗಿಂದ ಬೈದೀನ್ರಿ, ನಿನ್ನ ಸಲುವಾಗಿ ನಿದ್ದಿ ಇಲ್ಲ ಅಂತ. ಈಗ ಆ ಸಪ್ಪಳ ಇಲ್ಲದ ಕಣ್ಣು ಮುಚ್ಚವಲ್ವು."

ಮೇಡಂ ಅವರ ಮುಂದೆ ಸ್ಟೂಲು ಎಳೆದುಕೊಂಡು ಕೂತರು. "ಒಂದು ಕೇಳ್ತೀನಿ ಪಾ, ನಿಜ ಹೇಳ್ಬೇಕು. ಒಂದು ಡಬ್ಬಿ ಯಾಕೆ ಕೇಳ್ದೆ? ಎಲ್ಲಾ ಒಟ್ಟಿಗೆ ನುಂಗೋಕಾ?"

ಹೀಗೂ ನೇರವಾಗಿ ಕೇಳಬಹುದೆಂದು ನನಗೆ ಗೊತ್ತಿರಲಿಲ್ಲ. ಆತ ಲೋಟವನ್ನೇ ನೋಡುತ್ತಿದ್ದರು. "ಒಮ್ಮೊಮ್ಮೆ ಹಂಗ ಅನಸ್ತೈತ್ರಿ" ಎಂದರು.

ಮೇಡಂ ಎದ್ದರು. "ನಾನು ಬರೋ ತನಕ ಯಾರಿಗೂ ಏನೂ ಮಾರ್ಬೇಡ" ಎಂದು ನನಗೆ ಹೇಳಿ, ಅವರ ಕೈ ಹಿಡಿದು ತಾವೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಅರ್ಜಿಯ ಹಾಳೆ ನನ್ನ ಕೈಯಲ್ಲೇ ಉಳಿಯಿತು. ನಗುತ್ತಾ ನಿಲ್ಲಿಸಿದ್ದ ಸಾಲಿನಿಂದ ಅದನ್ನು ಕೊನೆಯವರೆಗೂ ಓದಿದೆ.

ಡಾಕ್ಟರಮ್ಮ ಬಹಳ ಹೊತ್ತು ಮಾತಾಡಿಸಿದರಂತೆ. ಊರಿನಿಂದ ಅವರ ತಮ್ಮನನ್ನು ಕರೆಸಿ ಜೊತೆಯಲ್ಲಿ ಇರಿಸಿದರು. ಮನಸ್ಸಿನ ವೈದ್ಯರಿಗೆ ತೋರಿಸುವ ವ್ಯವಸ್ಥೆಯಾಯಿತು. ಸ್ವಲ್ಪ ದಿನಕ್ಕೆಂದು ಬರೆದ ಮಾತ್ರೆಯನ್ನೂ ಅವರ ಕೈಗೆ ಒಟ್ಟಿಗೆ ಕೊಡಬಾರದು, ಆಯಾ ದಿನದ್ದು ಆಯಾ ದಿನ ಮೇಡಮ್ಮೇ ಕೊಡಬೇಕು ಎಂದು ಡಾಕ್ಟರಮ್ಮ ತಾಕೀತು ಮಾಡಿದರು. ಹಾಗಾಗಿ ಕಾರ್ಖಾನೆ ಬಿಟ್ಟ ಕೂಡಲೇ ಅವರು ಅಂಗಡಿಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಮೇಡಂ ಬೇಕೆಂದೇ ತಡ ಮಾಡುತ್ತಿದ್ದರು. ಟೀ ತರಿಸುತ್ತಿದ್ದರು. ಅವರ ಹೆಂಡತಿ ಯಾವ ಪಲ್ಯ ಮಾಡುತ್ತಿದ್ದರು, ರೊಟ್ಟಿ ಎಷ್ಟು ತೆಳ್ಳಗೆ ಬಡಿಯುತ್ತಿದ್ದರು ಎಂದು ಕೇಳುತ್ತಿದ್ದರು. ಅವರು ಹೇಳುತ್ತಿದ್ದರು. ಒಮ್ಮೊಮ್ಮೆ ಹೇಳುತ್ತಲೇ ಅಳುತ್ತಿದ್ದರು. ಅಂಗಿಯ ಗುಂಡಿಗಳು ಮಾತ್ರ ಈಗ ಸರಿಯಾಗಿದ್ದವು. ತಮ್ಮ ಹಾಕಿ ಕಳಿಸುತ್ತಿದ್ದನಂತೆ.

ಒಂದು ಸಂಜೆ ಅಂಗಡಿ ತುಂಬ ಜನ. ಆಟೋಗಳ ಹಾರನ್ನು, ಮಕ್ಕಳ ಅಳು, ಮೂರು ಭಾಷೆಯಲ್ಲಿ ಗದ್ದಲ. ಸ್ವಲ್ಪ ಬಿಡುವಾದಾಗ ತಿರುಗಿ ನೋಡುತ್ತೇನೆ, ಅವರು ಗ್ಲೂಕೋಸ್ ಬಾಟಲಿಯ ರಟ್ಟಿನ ಪೆಟ್ಟಿಗೆಗೆ ತಲೆ ಆನಿಸಿ, ಬಾಯಿ ತೆರೆದು, ಮಗುವಿನ ಹಾಗೆ ಮಲಗಿಬಿಟ್ಟಿದ್ದಾರೆ. ಟೀ ಲೋಟ ಪಕ್ಕದಲ್ಲಿ ಹಾಗೇ ಇದೆ. ನಾನು ಮೇಡಂಗೆ ಸನ್ನೆ ಮಾಡಿದೆ. ಮೇಡಂ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

ಮಂಡಿ ನೋವಿಗೆ ಚೀಟಿ ಹಿಡಿದು ನಿಂತಿದ್ದ ಒಬ್ಬ ದಪ್ಪನೆಯ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. ನಿದ್ದೆ ಹೋದವರ ಮುಖಕ್ಕೆ ಬಗ್ಗಿ, ಮತ್ತೆ ನೆಟ್ಟಗಾಗಿ, ಪಿಸುಗುಟ್ಟುವ ದನಿಯಲ್ಲಿ ಕೇಳಿದಳು. "ಏನಮ್ಮಾ, ಇವ್ರಿಗೆ ಯಾವ ಮಾತ್ರೆ ಕೊಟ್ರಿ?"

ಮೇಡಂ ಹೇಳಿದರು, "ಇವತ್ತಿಂದು ಇನ್ನೂ ಕೊಟ್ಟೇ ಇಲ್ಲ ಮಾ."

ಆ ಹೆಂಗಸು ಇನ್ನೊಮ್ಮೆ ಅವರನ್ನು ನೋಡಿದಳು. ತನ್ನ ಚೀಟಿಯನ್ನು ಮಡಚಿ ಬ್ಲೌಸಿನೊಳಗೆ ಸಿಕ್ಕಿಸಿಕೊಂಡಳು. ಬೆಂಚಿನ ಇನ್ನೊಂದು ತುದಿಯಲ್ಲಿ ಉಸ್ಸಪ್ಪಾ ಎಂದು ಕೂತು ಹೇಳಿದಳು:

"ಅಂಗಾದ್ರೆ ನಂಗೂ ಅದ್ನೇ ಕೊಟ್ಬುಡಮ್ಮ."