ಎರಡನೇ ಗೂಡಿನ ಇಲಿಗಳು

ಎರಡನೇ ಗೂಡಿನ ಇಲಿಗಳು ಕಾಯಿಲೆ ಬೀಳಲೊಲ್ಲವು. ಅವಧೂತನ ಲಗ್ನ ನಿಂತಿದ್ದುದು ಅದೊಂದೇ ಕಾರಣಕ್ಕೆ.

ಪಿಎಚ್‌ಡಿ ಮುಗಿಯದೆ ಮಗಳನ್ನು ಕೊಡುವುದಿಲ್ಲವೆಂದು ಧಾರವಾಡದಲ್ಲಿ ತ್ರಿವೇಣಿಯ ಅಪ್ಪ ಪಟ್ಟು ಹಿಡಿದಿದ್ದರು. ಮರಾಠಿ ನಾಡಿನ ಶಿವಾಜಿನಗರದ ಪ್ರಯೋಗಾಲಯದಲ್ಲಿ ಅವಧೂತನಿಗೆ ಉಳಿದಿದ್ದುದು ಕೊನೆಯ ಪ್ರಯೋಗ. ಇನ್ನೂ ಹುಟ್ಟದ ಇಲಿಮರಿಯ ಜೀವಕೋಶಗಳ ಮೇಲಿರುವ ಒಂದು ಗುರುತು ರಕ್ತದ ಕ್ಯಾನ್ಸರಿನ ಕೋಶಗಳ ಮೇಲೂ ಇರುತ್ತದೆ. ಆ ಗುರುತನ್ನು ಮೊದಲೇ ಕಂಡ ಮೈ ಕ್ಯಾನ್ಸರನ್ನು ಹೊಡೆದೋಡಿಸಬೇಕು. ಅದಕ್ಕೇ ಮೊದಲನೇ ಗೂಡಿನ ಹೆಣ್ಣಿಲಿಗಳಿಗೆ ಭ್ರೂಣದ ಕೋಶ ಚುಚ್ಚಿದ್ದ. ಎರಡನೆಯದರ ಹೆಣ್ಣಿಲಿಗಳಿಗೆ ಏನೂ ಇಲ್ಲ. ಆಮೇಲೆ ಎರಡಕ್ಕೂ ಕ್ಯಾನ್ಸರ್ ಕೋಶ. ಮೊದಲನೆಯವು ಗೆದ್ದವು. ಎರಡನೆಯವು ಮಲಗಿದರೆ ಪ್ರಬಂಧ ಮುಗಿದಂತೆ. ಅವೋ ಬೀಗರ ಮನೆಗೆ ಬಂದವರಂತೆ ತಿಂದುಂಡು ಮೀಸೆ ತೀಡುತ್ತಿದ್ದವು.

ಸಂಜೆಯೊಳಗೆ ಮಾರ್ಗದರ್ಶಕಿ ನೀಲಿಮಾ ಮೇಡಮ್ಮಿಗೆ ಫಲಿತಾಂಶ ತೋರಿಸಬೇಕಿತ್ತು.

"ಸೂಜಿಯೊಳಗ ಬರೇ ನೀರು ತುಂಬೀದಿ ನೋಡು" ಎಂದಳು ಪಕ್ಕದ ಮೇಜಿನ ಸಾಯಲಿ.

"ಗೂಡೇ ಅದಲುಬದಲಾಗಿದೆ ಗುರೂ, ಚೆಕ್ ಮಾಡೋಣ" ಎಂದ ಬೆಂಗಳೂರಿನ ಮಧುಕರ್, ಮುಚ್ಚಳ ತೆಗೆದೇಬಿಟ್ಟ. ಒಂದು ಇಲಿ ಸರ್ರನೆ ಅವಧೂತನ ಅಂಗಿತೋಳಿನೊಳಗೆ ನುಗ್ಗಿತು. ಇಬ್ಬರೂ ಸೇರಿ ಅವನ ಅಂಗಿ ಬಿಚ್ಚಿಸುವ ಹೊತ್ತಿಗೆ ಮೇಡಂ ಬಾಗಿಲಲ್ಲಿ ನಿಂತಿದ್ದರು.

ಅವರ ಕಣ್ಣು ಗೂಡಿನ ಚೀಟಿಯ ಮೇಲೆ ಬಿತ್ತು. "ಇದೇನಿದು, ಹಳದಿ ಕಲೆ?"

"ಅರಿಷಿಣ! ಅದs ಔಷಧ ಆಗೇದ!" ಸಾಯಲಿ ಕುಣಿದಳು.

ಇಲಿ ನೋಡಿಕೊಳ್ಳುವ ಶಿವಪುತ್ರಪ್ಪನನ್ನು ಕರೆಸಿದರು. ಬೆಳಗಾವಿ ಕಡೆಯ ಒಳ್ಳೆಯ ಮನುಷ್ಯ. ಒಂಟಿಯಾಗಿರುವವರನ್ನು ಕಂಡರೆ ಅವನ ಜೀವ ತಡೆಯದು.

"ನಾನs ಹಚ್ಚೇನ್ರಿ. ಕ್ಯಾನ್ಸರ್ ಸೂಜಿ ಚುಚ್ಚೂ ಮೊದಲ ಅವಧೂತ ಸಾಹೇಬ್ರು ಕಾಮಾಲೆ ಆಗಿ ಎರಡು ತಿಂಗಳು ಊರಾಗ ಮಲಗಿದ್ರಲ್ಲ, ಆಗ. ಇತ್ತಾಗ ಹೆಣ್ಣು, ಬಾಜೂಕ ಗಂಡು ಒಂದs ಕುಂತಿತ್ತು, ಪಾಪ. ಕೂಡಿಸಿದೆ. ಲಗ್ನ ಆದವ್ರಿಗೆ ಜೇಜುರಿ ದೇವ್ರ ಅರಿಷಿಣ, ಭಂಡಾರ, ಬ್ಯಾಡೇನ್ರಿ? ಎಲ್ಲಾವೂ ಹಡದ್ವು. ಮರಿ ಬ್ಯಾರೆ ಗೂಡಿನ್ಯಾಗ ಅದಾವ್ರಿ, ಭಾಳ ಛಲೋ ಅದಾವು."

ಅವಧೂತನಿಗೆ ಆಗ ಹೊಳೆಯಿತು. ಇಲಿಗಳು ಆ ಗುರುತನ್ನು ತಮ್ಮ ಹೊಟ್ಟೆಯೊಳಗಿನ ಮರಿಗಳಲ್ಲೇ ಕಂಡಿದ್ದವು!

ಮೇಡಮ್ಮಿನ ಮುಖ ಅರಳಿತು. "ಅಂದ್ರ ಬಸಿರs ಲಸಿಕೆ ಆಗೇದ! ಅವಧೂತ, ಇದು ದೊಡ್ಡ ವಿಷಯ. ತಾಯಿ ಇಲಿ ಹಿಡಕೊಂಡು ಎಲ್ಲಾ ಮೊದಲಿಂದ ಮಾಡು. ಇನ್ನೆರಡು ವರ್ಷ, ಅಷ್ಟs."

ಶಿವಪುತ್ರಪ್ಪ ಕಿಸೆಯಿಂದ ಚಿಟಿಕೆ ಭಂಡಾರ ತೆಗೆದು ಅವಧೂತನ ಹಣೆಗೆ ಪ್ರೀತಿಯಿಂದ ಹಚ್ಚಿದ. ಫೋನು ಹೊಡೆದುಕೊಂಡಿತು.

"ಏನಾತು? ಅಪ್ಪಾ ಕೇಳಾಕತ್ತಾರ" ಎಂದಳು ತ್ರಿವೇಣಿ.

"ಲಗ್ನ ಆಗಿಹೋತು" ಎಂದ ಅವಧೂತ.

"ಯಾರದು?"

"ಇಲೀದು."