ಟರ್ಬೋ ಕಾರಿನ ಸುಟ್ಟೆಣ್ಣೆ

ಕಾರಿನ ಸ್ಟೇರಿಂಗ್ ಹಿಂದೆ ಬೋಲ್ಟು ಬಿಚ್ಚುವ ಪಾನಾದ ಸಣ್ಣದೊಂದು ಹಳದಿ ಚಿತ್ರ ಹೊತ್ತಿಕೊಂಡಿತು. ಬೆಂಕಿಯಲ್ಲ, ಹೊಗೆಯಲ್ಲ, ಬರೀ ಚಿತ್ರ. ಅಷ್ಟಕ್ಕೇ ಸಂಜೀವನ ಭಾನುವಾರ ಹಾಳಾಯಿತು. ಅವನದೊಂದೇ ಹಾಳಾಗಿದ್ದರೆ ನಾನು ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಅವನ ಅವ್ವ ಬಸ್ಸಮ್ಮನದೂ ಹಾಳಾಯಿತಲ್ಲ, ಅದೇ ಸಂಕಟ.

ಸಂಜೀವ ರಾಯಚೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಆ ಮನೆತನದಲ್ಲಿ ಮೊದಲು ಪುಸ್ತಕ ಹಿಡಿದವನೂ ಅವನೇ, ಮೊದಲು ಸ್ಟೇರಿಂಗ್ ಹಿಡಿದವನೂ ಅವನೇ. ಕಾರು ಹೊಸದು, ಅದೂ ಟರ್ಬೋ. ಪಾನಾ ಹೊತ್ತಿತೆಂದರೆ ಮೊದಲನೇ ಸರ್ವೀಸಿಗೆ ಬಂತೆಂದು ಅರ್ಥ. ಶೋರೂಮಿಗೆ ಫೋನ್ ಹಚ್ಚಿದರೆ, "ಇಲ್ಲಿ ಜಾಗ ಇಲ್ರೀ, ಮುಂದಿನ ವಾರ ತಗೊಂಡು ಬರ್ರಿ" ಎಂದರು. ಮುಂದಿನ ವಾರ ಯಾರಿಗೆ ಬೇಕು? ಇವತ್ತೇ ದೇವದುರ್ಗಕ್ಕೆ ಹೋಗಬೇಕಿತ್ತು.

ದೇವದುರ್ಗದಲ್ಲಿ ಬಸ್ಸಮ್ಮನ ಅಣ್ಣ ಉರುಕುಂದಪ್ಪನ ಮೊಮ್ಮಗನನ್ನು ಸಂಜೆ ತೊಟ್ಟಿಲಿಗೆ ಹಾಕುವ ದಿನ. ಹಿಂದೆ ಇದೇ ಅಣ್ಣ ನಾಲ್ಕು ಮಂದಿಯ ಮುಂದೆ, "ನಿನ್ನ ಮಗ ಸಾಲಿ ಕಲಿತು ಕಾರಿನಾಗ ಬರ್ತಾನೇನು? ಸುಮ್ನ ಕೂಲಿಗೆ ಕಳಸು" ಎಂದು ನಕ್ಕಿದ್ದ. ಅಂದಿನಿಂದ ಬಸ್ಸಮ್ಮ ಆ ಹೊಸ್ತಿಲು ತುಳಿದಿರಲಿಲ್ಲ. ಈಗ ಅವನೇ ಫೋನ್ ಮಾಡಿ ಕರೆದಿದ್ದ. "ಬರ್ತೀನಣ್ಣ, ಮಗನ ಕಾರಿನಾಗ ಬರ್ತೀನಿ" ಎಂದು ಈಕೆಯೂ ಹೇಳಿಬಿಟ್ಟಿದ್ದಳು. ಬೆಳಗ್ಗೆಯೇ ಹೊಸ ಸೀರೆ ಉಟ್ಟು, ಕೂಸಿನ ತಲೆ, ಬೆನ್ನು ಮುಚ್ಚಲೆಂದು ತಾನೇ ಹೊಲಿದ ಕುಂಚಿಗಿಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ಹಳೇ ಎಣ್ಣಿ ಮ್ಯಾಲ ಅಷ್ಟು ದೂರ ಹೋದ್ರ ಟರ್ಬೋ ಹಾಳಾಗ್ತದ ಯವ್ವಾ," ಎಂದ ಸಂಜೀವ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅವನ ಕಣ್ಣು ಕೆಂಪಾಗಿದ್ದವು. "ಟರ್ಬೋಕ್ಕ ಎಣ್ಣೀನೇ ರಕ್ತ ಇದ್ದಂಗ. ಮೊದಲೇ ಎಲ್ಲಾ ತಂದಿಟ್ಟೀನಿ, ನಾನೇ ಬದಲಿ ಮಾಡ್ತೀನಿ. ತಾಸಿನ ಕೆಲಸ."

"ಮಾಡಪ್ಪ," ಎಂದಳು ಬಸ್ಸಮ್ಮ. ಮಗನ ಮೇಲೆ ಆಕೆಗೆ ಬಹಳ ನಂಬಿಕೆ. ಅವನ ಹೆಂಡತಿ ಮೇಘಾಗೆ ಅಷ್ಟಿರಲಿಲ್ಲ. ಮೇಘಾ ಮಾನ್ವಿಯ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಪಾಳಿಗೆ ಹೊರಡುವಾಗ ಕಾರಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು, ಮೊಬೈಲ್ ತೆಗೆದು ಏನೋ ಒತ್ತುತ್ತ ಬಸ್ ಸ್ಟ್ಯಾಂಡಿಗೆ ನಡೆದಳು.

ಜಾಕ್ ಹಚ್ಚಿ, ಗಾಲಿಗೆ ಕಲ್ಲು ಕೊಟ್ಟು, ಸಂಜೀವ ಕಾರಿನ ಕೆಳಗೆ ತೂರಿಕೊಂಡನೋ ಇಲ್ಲವೋ, ಎದುರು ಮನೆಯ ವಿರೂಪಣ್ಣ ಬಂದ. ಅಕ್ಕಿ ಮಿಲ್ಲಿನ ಸಾಹುಕಾರ. ಇಂಜಿನ್ನು ಎಂಬುದು ಎಲ್ಲೇ ಇರಲಿ, ಅದರ ಮೇಲೆ ತನ್ನ ಹಕ್ಕಿದೆ ಎಂದು ತಿಳಿದ ಮನುಷ್ಯ.

"ಏನ್ ಮಾಸ್ತರ್ರ, ಬುಡಕ ಏನ್ ಹುಡಕಾಕತ್ತೀರಿ?"

"ಎಣ್ಣಿ ಇಳಸಾಕತ್ತೀನ್ರೀ."

"ತಣ್ಣಂದು ಇಳಸ್ತಾರೇನ್ರೀ? ಗಸಿ ಎಲ್ಲಾ ತಳಕ್ಕ ಕುಂತಿರ್ತದ. ಹೊರಗ ಬರ್ರಿ, ಬರ್ರಿ."

ಸಂಜೀವ ಹೊರಗೆ ತೆವಳಿ ಬರುವಷ್ಟರಲ್ಲಿ ಸಾಹುಕಾರ ಒಳಗೆ ಕೂತು ಚಾಲೂ ಮಾಡಿ, ಎಕ್ಸಲರೇಟರ್ ತುಳಿದೇ ತುಳಿದ. ಕಾರು ಓಣಿ ಕಿತ್ತುಹೋಗುವಂತೆ ಅರಚಿತು. ಬಂದ್ ಮಾಡಿ, "ಈಗ ಬಿಚ್ಚರಿ" ಎಂದ. ಸಂಜೀವ ಮತ್ತೆ ತೂರಿ ತಳದ ಬೋಲ್ಟು ಬಿಚ್ಚಿದ. ಸುಡುಸುಡು ಎಣ್ಣೆ ಬೋಗುಣಿಗೆ ಬೀಳುವ ಮೊದಲು ಅವನ ಮುಂಗೈ ಮೇಲೆ ಹರಿದು ಬನಿಯನ್ನಿನೊಳಗೆ ಇಳಿಯಿತು.

"ಯವ್ವಾ, ಸತ್ತೆ!"

"ಹದ ಬಂದದ," ಎಂದ ವಿರೂಪಣ್ಣ, ಬಹಳ ಸಮಾಧಾನದಿಂದ.

ನಮ್ಮ ಕಡೆ ಸುಟ್ಟೆಣ್ಣೆಗೆ ಎಷ್ಟು ಬೇಡಿಕೆ ಅನ್ನುವುದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಗೆದ್ದಲು ಹತ್ತಿದ ಬಾಗಿಲು, ಕಿರುಗುಟ್ಟುವ ಗೇಟು, ಹೊಲದ ಬೇಲಿಗೂಟ, ಎಲ್ಲಕ್ಕೂ ಇಂಜಿನ್ನಿಂದ ಇಳಿಸಿದ ಕರೀ ಎಣ್ಣೆಯೇ ಮದ್ದು. ಯಾರ ಮನೆ ಮುಂದೆ ಎಣ್ಣೆ ಇಳಿದರೂ ಓಣಿಯವರು ಡಬ್ಬಿ ಹಿಡಿದು ಬರುತ್ತಾರೆ. ಕೇಳಿದವರಿಗೆ ಇಲ್ಲ ಅನ್ನಬಾರದು. ಆ ದಿನವೂ ವಾಸನೆ ಹಿಡಿದು ಮೊದಲು ಬಂದವಳು ಮೂಲೆಮನೆಯ ಗೋಪಮ್ಮ.

"ಸಂಜೀವಾ, ನನ್ನ ಬಾಗಲಾ ಪೂರಾ ಗೆದ್ದಲ ತಿಂದಾವಪ್ಪ. ಒಂದಿಷ್ಟು ಸುಟ್ಟೆಣ್ಣಿ ಕೊಡು."

"ಅಲ್ಲೇ ಅದ ಅತ್ತಿ, ತಗೊಂಡು ಹೋಗು," ಎಂದ ಸಂಜೀವ ಕಾರಿನ ಕೆಳಗಿನಿಂದ. ಸುಟ್ಟ ಕೈಗೆ ಊದಿಕೊಳ್ಳುತ್ತ ಫಿಲ್ಟರ್ ತಿರುವುತ್ತಿದ್ದವನಿಗೆ ಹೊರಗೆ ಏನು ನಡೆಯಿತೆಂದು ಕಾಣಲಿಲ್ಲ. ಕರೀ ಎಣ್ಣೆಯ ಬೋಗುಣಿ ಗಾಲಿಯ ಹಿಂದೆ ಮರೆಯಲ್ಲಿತ್ತು. ಮೆಟ್ಟಿಲ ಮೇಲೆ ಎದ್ದು ಕಾಣುತ್ತಿದ್ದದ್ದು ಹೊಸ ಎಣ್ಣೆಯ ಡಬ್ಬಿ.

ಅವನು ಹೊರಗೆ ಬಂದು ನೋಡಿದರೆ ಡಬ್ಬಿ ಇಲ್ಲ. ಮೂಲೆಮನೆಗೆ ಓಡಿದ. ಗೋಪಮ್ಮನ ಬಾಗಿಲು ಮದುಮಗಳಂತೆ ಮಿರಮಿರ ಮಿಂಚುತ್ತಿತ್ತು. ಡಬ್ಬಿ ಖಾಲಿಯಾಗಿ ಅಡ್ಡ ಬಿದ್ದಿತ್ತು.

"ಎಂಥಾ ಎಣ್ಣಿಪಾ ನಿಂದು?" ಎಂದು ಗೋಪಮ್ಮನೇ ಬೈದಳು. "ಎಷ್ಟು ಹಚ್ಚಿದ್ರೂ ಕಪ್ಪಾಗವಲ್ದು. ಮುಗಿದೇ ಹೋತು ನೋಡು."

ಬಾಗಿಲು ಹಿಂಡಿ ಎಣ್ಣೆ ತೆಗೆಯಲು ಬರುತ್ತದೆಯೇ? ಸಂಜೀವ ಅಲ್ಲೇ ನಿಂತು ಬಿಡಿಭಾಗದ ಅಂಗಡಿಯ ಅಲ್ಲಾಉದ್ದೀನನಿಗೆ ಫೋನ್ ಮಾಡಿದ. ಆ ಕಡೆ ಬ್ಯಾಂಡಿನ ಗದ್ದಲ.

"ಮಾನ್ವಿಗೆ ಶಾದಿಗೆ ಬಂದೀನಿ ಸರ್. ಟರ್ಬೋದ ಎಣ್ಣಿ ಬ್ಯಾರೆ ಕಡೆ ಸಿಗಾಂಗಿಲ್ರೀ. ನಾಳೆ ಕೊಡ್ತೀನಿ!"

ಮನೆಗೆ ಬಂದರೆ ವಿರೂಪಣ್ಣ ಮಿಲ್ಲಿನ ಎಣ್ಣೆ ತರಲು ತಯಾರಾಗಿದ್ದ. ಸಂಜೀವ ಕೈಮುಗಿದು ಬೇಡವೆಂದ. "ಹಂಗಾರ ನನ್ನ ಕಾರ್ ತಗೊಂಡು ಹೋಗರಿ," ಎಂದ ಸಾಹುಕಾರ. ಪಾಪ, ಆ ಮಾತು ಮನಸಾರೆ ಹೇಳಿದ. ಆದರೆ ಬಸ್ಸಮ್ಮ ತಲೆ ಅಲ್ಲಾಡಿಸಿದಳು. "ನಿಮ್ಮ ಕಾರಿನಾಗ ಇಳದು ಮಗನ ಕಾರು ಅಂತ ಹ್ಯಾಂಗ ಹೇಳಲೆಪ್ಪಾ? ಬ್ಯಾಡ."

ಅಷ್ಟರಲ್ಲಿ ಗೇಟಿನಲ್ಲಿ ಜಾತ್ರೆ. ಒಬ್ಬರ ಕೈಯಲ್ಲಿ ಚರಿಗೆ, ಒಬ್ಬರ ಕೈಯಲ್ಲಿ ಹಾಲಿನ ಕ್ಯಾನು. "ಗೋಪಮ್ಮಗ ಅಷ್ಟು ಕೊಟ್ಟೀರಂತ, ನಮಗ?" ಸಂಜೀವನ ತಲೆ ಕೆಟ್ಟಿತು. ಜೀವನದಲ್ಲಿ ಮೊದಲ ಬಾರಿಗೆ ಓಣಿಯವರ ಮೇಲೆ ಕೂಗಾಡಿ, ಎಲ್ಲರನ್ನೂ ಕಳಿಸಿ ಗೇಟಿಗೆ ಕೀಲಿ ಹಾಕಿದ. ಉಸಿರು ಬಿಡುವುದರೊಳಗೆ ಮತ್ತೊಬ್ಬ ಬಂದು ಗೇಟು ಬಡಿದ. ಹೆಲ್ಮೆಟ್ಟು, ಕಲೆಯಾದ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಡಬ್ಬಿ.

"ಸಂಜೀವ ಮಾಸ್ತರ್ರ ಮನಿ ಇದೇ ಏನ್ರೀ? ಎಣ್ಣಿ ಸಲುವಾಗಿ..."

"ಎಣ್ಣೀನೂ ಇಲ್ಲ, ಏನೂ ಇಲ್ಲ! ನಡೀರಿ!"

"ಅಲ್ರೀ ಸರ್, ನನ್ನ ಮಾತು..."

"ನಿಮ್ಮ ಗೆದ್ದಲಕ್ಕ ನಾ ಏನ್ ಮಾಡ್ಲಿ? ನಡೀರಿ ಅಂದ್ರ ನಡೀರಿ!"

ಆ ಮನುಷ್ಯ ಸ್ವಲ್ಪ ಹೊತ್ತು ಪಿಳಿಪಿಳಿ ನೋಡಿ ಹೋದ. ಬಸ್ಸಮ್ಮ ಕಟ್ಟೆಯಿಂದಲೇ ನೋಡಿದಳು. "ಹಂಗ ಅನಬಾರದಿತ್ತಪ್ಪ. ಡಬ್ಬಿ ಬಾಳ ವಜ್ಜಿ ಇತ್ತು ಕಾಣತದ. ಒಂದ ಕಡಿಗೆ ವಾಲಿ ನಡದ ಪಾಪ." ಸಂಜೀವನ ಕಿವಿಗೆ ಆ ಮಾತು ಬೀಳಲೇ ಇಲ್ಲ.

ಬಿಸಿಲು ಇಳಿಯುತ್ತಿದ್ದಾಗ ಮೇಘಾ ಮಾನ್ವಿ ಬಸ್ಸಿಳಿದು ನಗುನಗುತ್ತ ಬಂದಳು. "ಆತಲ್ಲ? ನಡೀರಿ ಮತ್ತ, ಹೋಗೂಣು. ಚೊಲೋ ಮಾಡಿದ್ನೇನು ಅವ?"

"ಯಾವ?"

"ಶೋರೂಮಿನ ಮೆಕ್ಯಾನಿಕ್. ಅವರ ಮಂದಿ ಮನಿಗೇ ಬಂದು ಸರ್ವೀಸ್ ಮಾಡ್ತಾರಂತ. ಎಣ್ಣಿ ಸೈತ ಅವರೇ ತರ್ತಾರ. ಬೆಳಗ್ಗೇನೇ ಬುಕ್ ಮಾಡಿದ್ದೆ. ನಿಮಗ ಮೊದಲೇ ಹೇಳಿದ್ರ ಬ್ಯಾಸರ ಮಾಡ್ಕೋತೀರಿ ಅಂತ ಸುಮ್ನಿದ್ದೆ."

ಸಂಜೀವ ಕಲ್ಲಿನ ಮೇಲೆ ಕೂತು, ಹೆಲ್ಮೆಟ್ಟಿನವನನ್ನು ಓಡಿಸಿದ್ದೂ ಸೇರಿ ನಡೆದದ್ದನ್ನೆಲ್ಲ ಹೇಳಿದ. ಮೇಘಾ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಕೂಡಲೇ ಶೋರೂಮಿಗೆ ಫೋನ್ ಹಚ್ಚಿದಳು. "ಅಲ್ಲೇ ಎಲ್ಲೋ ಇರಬೇಕ್ರೀ, ಹೊಳ್ಳಿ ಕಳಿಸಾಕ ನೋಡ್ತೀವಿ" ಎಂದರು. ಬಸ್ಸಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ಈಗ ಹೊರಟರೂ ಮುಟ್ಟಬಹುದಿತ್ತು.

ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಡಬ್ಬಿ ಹಿಡಿದವನೊಬ್ಬ ಬಂದು ನಿಂತ. ಮಧ್ಯಾಹ್ನ ಬಂದವನ ಮುಖ ಹೆಲ್ಮೆಟ್ಟಿನೊಳಗೆ ಯಾರು ನೋಡಿದ್ದರು? ಸಂಜೀವ ಓಡಿಹೋಗಿ ಕೀಲಿ ತೆಗೆದು ಎರಡೂ ಕೈ ಹಿಡಿದುಕೊಂಡ.

"ಬರ್ರಿ ಅಣ್ಣಾರ, ಬರ್ರಿ! ನಂದು ತಪ್ಪಾತ್ರಿ. ಸಿಟ್ಟಿನಾಗ ಏನೇನೋ ಅಂದೆ."

ಕುರ್ಚಿ ಬಂತು. ಮೇಘಾ ಚಹಾ ತಂದಳು. ವಿರೂಪಣ್ಣ ಮನೆಯಿಂದ ಫ್ಯಾನು ತಂದು ಹಚ್ಚಿದ. ಬಂದವನು ಗಾಬರಿಯಾಗಿ ಎಲ್ಲರ ಮುಖ ನೋಡುತ್ತ ಚಹಾ ಕುಡಿದು ಮುಗಿಸಿದ.

"ಸುರು ಮಾಡೋಣೇನ್ರೀ?" ಎಂದ ಸಂಜೀವ, ಪಾನಾ ಮುಂದೆ ಹಿಡಿದು.

"ಅದನ್ನ ನಾ ಮನಿಯಾಗ ಹಚ್ಕೋತೀನ್ರೀ. ಗೆದ್ದಲ ಬಾಳ ಆಗ್ಯಾವ. ನಿಮ್ಮಲ್ಲಿ ಸುಟ್ಟೆಣ್ಣಿ ಸಿಗತದ ಅಂದ್ರು, ಅದಕ್ಕ ಬ್ಯಾರೆ ಓಣಿಯಿಂದ ಬಂದೆ. ಚಾ ಸೈತ ಕೊಡ್ತೀರಿ ಅಂತ ಯಾರೂ ಹೇಳಿರಲಿಲ್ರೀ."

ಅಷ್ಟರಲ್ಲಿ ಶೋರೂಮಿನವರು ಮೇಘಾಗೆ ಫೋನ್ ಮಾಡಿ, ಮೆಕ್ಯಾನಿಕ್ ಬೇರೆ ಊರಿಗೆ ಹೋಗಿಬಿಟ್ಟಿದ್ದಾನೆ, ನಾಳೆ ಬರುತ್ತಾನೆ ಎಂದರು. ಅದು ಮುಗಿಯುತ್ತಲೇ ಬಸ್ಸಮ್ಮನ ಫೋನು. ಉರುಕುಂದಪ್ಪ.

"ಎಲ್ಲಿದ್ದೀಯವ್ವಾ? ಅತ್ತಿ ಬರಲಿ ಅಂತ ಎಲ್ಲಾರೂ ಕುಂತಾರ. ಕಾರು ಕೆಟ್ಟತೇನು?"

"ಕಾರು ಚೊಲೋ ಅದ ಅಣ್ಣಾ. ಮಗ ತಾನ ನಿಂತು ಸರ್ವೀಸ್ ಮಾಡಾಕತ್ತಾನ. ನನಗ ಕಾಯಬ್ಯಾಡ್ರಿ, ಕೂಸಿನ್ನ ತೊಟ್ಟಲಕ್ಕ ಹಾಕ್ರಿ."

ಸಂಜೀವನಿಗೆ ಅಳು ಬಂತು. ಬಸ್ಸಮ್ಮ ಕುಂಚಿಗಿಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು, ಸೀರೆ ಬದಲಿಸಲು ಒಳಗೆ ಹೊರಟವಳು ಬಾಗಿಲಲ್ಲಿ ತಿರುಗಿದಳು.

"ಅವರ ಡಬ್ಬಿ ತುಂಬಿ ಕಳಸಪ್ಪ. ಎಣ್ಣಿ ಕೇಳಿ ಬಂದೋರಿಗೆ ಇಲ್ಲ ಅನಬಾರದು."

ಸಂಜೀವ ಗಾಲಿಯ ಹಿಂದಿನಿಂದ ಬೋಗುಣಿ ಎಳೆದು, ಸುಟ್ಟ ಕೈಯಿಂದಲೇ ಡಬ್ಬಿಗೆ ಸುರುವತೊಡಗಿದ.