ಮಗಳ ವಾಕಿಂಗ್, ನನ್ನ ಕಾಯಿಲೆ

ವರ್ಷವಿಡೀ ಸ್ವೆಟರ್ ತೊಡುವ ಊರಿನಲ್ಲಿ ಯಾರು ಎಷ್ಟು ದಪ್ಪ ಎಂಬುದು ದೇವರಿಗೂ ಟೈಲರಿಗೂ ಮಾತ್ರ ಗೊತ್ತು. ಊಟಿ ಪಕ್ಕದ ನಂಜನಾಡಿನ ಚಳಿಯಲ್ಲಿ ಹೊಟ್ಟೆ ಮುಂದೆ ಬಂದರೆ ಒಳಗೆ ಇನ್ನೊಂದು ಬನಿಯನ್ ಹಾಕಿದ್ದೇನೆ ಎಂದು ನಂಬಿಸಿಕೊಂಡು ಆರಾಮಾಗಿ ಓಡಾಡಬಹುದು. ಹನ್ನೆರಡು ವರ್ಷದ ಮಗಳು ಶಾಂಭವಿಯ ವಿಷಯದಲ್ಲೂ ನಾನು ಇದೇ ಧೈರ್ಯದಲ್ಲಿದ್ದೆ. ಅವಳ ಶಾಲೆಯ ಸ್ವೆಟರಿನ ಗುಂಡಿ ಕೂಡದಾದಾಗ, ಒಗೆದು ಒಗೆದು ಉಣ್ಣೆ ಕುಗ್ಗಿಸಿದ್ದೀಯ ಎಂದು ಹೆಂಡತಿಯ ಮೇಲೆ ರೇಗಿದ್ದೂ ಉಂಟು. ಆಮೇಲೆ ಹುಡುಗಿ ಆಟಕ್ಕೆ ಹೋಗುವುದನ್ನೇ ಬಿಟ್ಟಳು. ಸಂಜೆಯಾದರೆ ಚಹಾಕ್ಕೆ ಅದ್ದಿ ತಿನ್ನುವ ವರ್ಕಿಯ ಪೊಟ್ಟಣ ಹಿಡಿದು ಟೀವಿ ಮುಂದೆ ಕೂರುತ್ತಿದ್ದಳು. "ನಾನು ಓಡಿದ್ರೆ ಎಲ್ರೂ ನಗ್ತಾರೆ ಅಪ್ಪಾ" ಎಂದು ಒಂದು ದಿನ ಹೇಳಿದಾಗ ಮರುದಿನವೇ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದೆ.

ಊಟಿಯ ಡಾಕ್ಟರಮ್ಮ ಸಮಾಧಾನದಿಂದ ಮಾತಾಡಿದರು. ಬೆಳೆಯುವ ಮಗು, ಉಪವಾಸ ಕೆಡವಬೇಡಿ. ಕರಿದದ್ದು, ಸಿಹಿ ಕಡಿಮೆ ಮಾಡಿ ಮನೆಯವರೆಲ್ಲ ಒಂದೇ ಅಡುಗೆ ಉಣ್ಣಿ. ದಿನಾ ಅವಳ ಜೊತೆ ನಡೆಯಿರಿ. ತೂಕದ ಮಾತೆತ್ತಿ ನೋಯಿಸಬೇಡಿ ಎಂದರು. ಕೊನೆಯ ಮಾತು ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ. "ಮನೆಯವರೆಲ್ಲ" ಎಂದಾಗಲೇ ನನ್ನ ಸಂಜೆಯ ಮೆಣಸಿನಕಾಯಿ ಬಜ್ಜಿಯ ಗತಿ ಏನು ಎಂಬ ಚಿಂತೆ ಹತ್ತಿತ್ತು.

ನಾವು ಮೈಸೂರು ಕಡೆಯಿಂದ ಬಂದು ಇಲ್ಲಿ ಗೊಬ್ಬರ, ಬಿತ್ತನೆ ಆಲೂಗಡ್ಡೆಯ ಅಂಗಡಿ ಇಟ್ಟವರು. ಪಕ್ಕದ ಹಟ್ಟಿಯ, ಈ ಬೆಟ್ಟದವರೇ ಆದ ಬಡಗ ಜನರೆಲ್ಲ ನನ್ನ ಗಿರಾಕಿಗಳು. ಅವರ ಮನೆಗಳು ಒಂದಕ್ಕೊಂದು ಆತುಕೊಂಡು ಸಾಲಾಗಿವೆ, ನಮ್ಮ ವಾಕಿಂಗ್ ದಾರಿ ಆ ಬಾಗಿಲುಗಳ ಮುಂದೆಯೇ. ಹಾದುಹೋಗುವವರನ್ನು "ಕೂ ತಿಂದಿಯಾ?" ಎಂದು ಊಟ ವಿಚಾರಿಸದೆ, ಒಳಗೆ ಕರೆದು ಏನಾದರೂ ಕೊಡದೆ ಬಿಡುವ ಜನ ಅವರಲ್ಲ. ಬೇಡ ಎಂದರೆ ಅವರಿಗೆ ಬೇಸರ, ನನಗೆ ವ್ಯಾಪಾರದ ಭಯ. ಮೊದಲ ಸಂಜೆಯ ವಾಕಿಂಗ್ ಮುಗಿಸಿ ಬಂದಾಗ ನಮ್ಮಿಬ್ಬರಿಗೂ ರಾತ್ರಿ ಊಟ ಬೇಕಾಗಲಿಲ್ಲ.

ಮರುದಿನ ಮಾದಿ ಹೆತ್ತೆ ಜಗಲಿಯಿಂದಲೇ ತಿಂಡಿಯ ತಟ್ಟೆ ಚಾಚಿದರು. ಹೆತ್ತೆ ಎಂದರೆ ಅಜ್ಜಿ. ಇಡೀ ಹಟ್ಟಿಗೇ ಅವರು ಅಜ್ಜಿ. ತಪ್ಪಿಸಿಕೊಳ್ಳುವ ಆತುರದಲ್ಲಿ ನಾನು, "ಇವಳಿಗೆ ಬೇಡ ಹೆತ್ತೆ, ತೂಕ ಜಾಸ್ತಿಯಾಗಿದೆ ಅಂದಿದ್ದಾರೆ ಡಾಕ್ಟ್ರು" ಎಂದುಬಿಟ್ಟೆ. ಜಗಲಿಯ ಮೇಲಿದ್ದವರೆಲ್ಲ ಮಗಳನ್ನು ನೋಡಿದರು. ಅವಳು ತನ್ನ ಬೂಟನ್ನು ನೋಡಿಕೊಂಡಳು. ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡಳು. ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ.

"ತಪ್ಪಾಯ್ತು ಪುಟ್ಟಿ" ಎಂದು ಬಾಗಿಲ ಹೊರಗೆ ನಿಂತು ಗೋಗರೆಯುತ್ತಲೇ ಇದ್ದೆ. ಕೊನೆಗೆ ಒಳಗಿನಿಂದ ಷರತ್ತು ಬಂತು: "ಬರ್ತೀನಿ. ಆದ್ರೆ ಯಾರು ಕರೆದ್ರೂ, ಡಾಕ್ಟ್ರು ಬೇಡ ಅಂದಿರೋದು ನಿಂಗೆ ಅನ್ಬೇಕು. ನಾನು ನಿನ್ನ ಜೊತೆಗೆ ಬಂದಿರೋದು ಅನ್ಬೇಕು."

ಒಪ್ಪಿಕೊಂಡೆ. ಮರುಸಂಜೆ ಹೆತ್ತೆಯ ಮುಂದೆ ನಿಂತು, "ಕಾಯಿಲೆ ನನ್ನದು ಹೆತ್ತೆ. ಹೇಳಕ್ಕೆ ನಾಚಿಕೆಯಾಗಿ ನಿನ್ನೆ ಮಗಳ ಮೇಲೆ ಹಾಕಿದೆ" ಎಂದೆ. ಯಾರಾದರೂ ಅನುಮಾನಪಟ್ಟಾರು ಎಂಬ ಸಣ್ಣ ಆಸೆ ನನಗಿತ್ತು. ಹೆತ್ತೆ ನನ್ನ ಸ್ವೆಟರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು, ಅಷ್ಟೇ. ಒಂದಿಷ್ಟೂ ಅನುಮಾನ ಪಡಲಿಲ್ಲ. "ಕೂಸಿನ ಮೇಲ ಹಾಕಿದೆಯಾ? ನಿನಗ ನಾಚಿಕೆ ಇಲ್ಲೆಯಾ?" ಎಂದು ಬೈದು, ಮಗಳ ಕೈಗೆ ತೊಳೆದ ಕ್ಯಾರೆಟ್ ಇಟ್ಟು, "ಅಪ್ಪನ ಮೆಲ್ಲಗ ಕರಕೊಂಡು ಹೋಗು" ಎಂದರು.

ಈಗ ಇಡೀ ಹಟ್ಟಿ ನನ್ನ ಆರೋಗ್ಯ ವಿಚಾರಿಸುತ್ತದೆ. ಚಹಾದಂಗಡಿಯವನು ನನ್ನನ್ನು ಕಂಡರೆ ಬಜ್ಜಿಯ ತಟ್ಟೆ ಮುಚ್ಚುತ್ತಾನೆ. ಯಾರಾದರೂ ತಿಂಡಿ ಚಾಚಿದರೆ ಮಗಳೇ, "ನಂಗೂ ಬೇಡ, ನಾನು ತಿಂದ್ರೆ ಪಾಪ ಅಪ್ಪನಿಗೆ ಆಸೆ ಆಗತ್ತೆ" ಎನ್ನುತ್ತಾಳೆ. ಅವಳ ದನಿಯಲ್ಲಿ ಹಳೆಯ ಗತ್ತು ಮರಳಿದ್ದು ಕೇಳಿ ನನಗೆ ಎಷ್ಟು ಸಂತೋಷವೆಂದರೆ, ಬಜ್ಜಿ ಹೋದ ದುಃಖ ಅರ್ಧ ಕಡಿಮೆಯಾಗಿದೆ. ಮೊನ್ನೆ ಕೋಸಿನ ಹೊಲದ ಏರಿನಲ್ಲಿ ಅವಳು ಓಡುತ್ತಲೇ ತುದಿ ಮುಟ್ಟಿ, ಕೆಲಸ ಮಾಡುತ್ತಿದ್ದವರಿಗೆಲ್ಲ ಕೇಳುವಂತೆ, "ಸ್ವಲ್ಪ ದಾರಿ ಬಿಡಿ, ನಮ್ಮಪ್ಪನಿಗೆ ಹುಷಾರಿಲ್ಲ!" ಎಂದು ಕೂಗಿದಳು. ಅದೆಲ್ಲ ಸುಳ್ಳು ಎಂದು ಅವರಿಗೆ ಹೇಳಿಬಿಡೋಣ ಅನ್ನಿಸಿತು. ಹೇಳಲು ಉಸಿರೇ ಬರಲಿಲ್ಲ.